ಚಿತ್ರ ನೋಡುವ ಬಗೆ: ಹಡಗಿನಿಂದ ಹಾರುವ ವಿಮಾನ

ಮುದ್ದೇಬಿಹಾಳ ತಾಲೂಕಿನ ವಾಚಕಿಯೊಬ್ಬರು ಹೀಗೆ ಬರೆದಿರುವರು: ವಿಜಯಪುರದ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಓದುತ್ತಿರುವ ಮಗನು ನಮ್ಮ ನೌಕಾದಳದ ಹಳೆಯ ‘ಸೀ ಹಾಕ್’ ಯುದ್ಧವಿಮಾನದ ವರ್ಣಚಿತ್ರವೊಂದನ್ನು ತಂದು ನಡುಮನೆಯಲ್ಲಿ ತೂಗುಹಾಕಿದ್ದಾನೆ; ನೋಡಿದಾಗಲೆಲ್ಲ ತಮ್ಮ ಎದೆ ನಡುಗುವದು; ಅದನ್ನು ಇರಗೊಡಬಹುದೆ?

ಇರಗೊಡಬೇಕೆಂದೇ ನಮ್ಮ ಅಭಿಪ್ರಾಯ. ಆದರೆ ಚಿತ್ರವು ನಿಜವನ್ನು ಹೇಳುವಂಥದಿರಬೇಕು. ಇಂಥ ಹಲವು ಚಿತ್ರಗಳಲ್ಲಿ ವಿಮಾನವು ಮೋಡಗಳ ನಡುವೆ ಗರುಡನಂತೆ ಒಂಟಿಯಾಗಿ ತೇಲುತ್ತಿರುವದು. ಹೊರಟದ್ದೆಲ್ಲಿಂದ, ಮರಳುವದೆಲ್ಲಿಗೆ ಎಂಬುದು ತಿಳಿಯದು. ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಎಷ್ಟೋ ಮಕ್ಕಳು ಕಂಡ ದೊಡ್ಡ ನೀರೆಂದರೆ ಆಲಮಟ್ಟಿಯ ಹಿನ್ನೀರು. ಸಮುದ್ರದ ಮಾತನ್ನು ಚಿತ್ರವೇ ಅವರಿಗೆ ಹೇಳಬೇಕಲ್ಲವೆ?

‘ವಿಕ್ರಾಂತ’ ನೌಕೆಯು 1961ರಲ್ಲಿ ನಮ್ಮ ನೌಕಾದಳವನ್ನು ಸೇರಿತು. ಜೋಳದ ಹೊಲದ ಅಟ್ಟಣಿಗೆಯಿಂದ ಕವಣೆಯ ಕಲ್ಲು ಚಿಮ್ಮುವಂತೆ ಉಗಿಯ ಬಲದ ಯಂತ್ರವು ಸೀ ಹಾಕನ್ನು ಅದರ ಮೇಲಿನಿಂದ ಎಸೆಯುತ್ತಿತ್ತು. ಮರಳುವಾಗ ವಿಮಾನದ ಬಾಲದಡಿಯ ಕೊಕ್ಕೆಯು ಹಡಗಿಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗವನ್ನು ಹಿಡಿಯಬೇಕು. ಹಿಡಿಯದಿದ್ದರೆ ಮತ್ತೆ ಮೇಲೇರಿ ಸುತ್ತಿಬರಬೇಕು. ಕೊಕ್ಕೆಯನ್ನೂ ಹಗ್ಗವನ್ನೂ ಬರೆದ ಚಿತ್ರಕಾರನು ಚಾಲಕನ ಕಷ್ಟವನ್ನು ಬಲ್ಲವನು.

ಇನ್ನೊಂದು ಪರೀಕ್ಷೆಯುಂಟು. ಸೀ ಹಾಕಿನ ಎಂಜಿನದ ಬಿಸಿಗಾಳಿಯು ಬಾಲದ ತುದಿಯಿಂದ ಹೊರಡುವದಿಲ್ಲ. ಎರಡಾಗಿ ಕವಲೊಡೆದು ರೆಕ್ಕೆಗಳ ಬುಡದ ಎರಡು ಬಾಯಿಗಳಿಂದ ಹೊರಬೀಳುವದು. ಬಾಲದ ತುದಿಗೆ ಬೆಂಕಿ ಹಚ್ಚಿದ ಚಿತ್ರವನ್ನು ಕಂಡರೆ ಬರೆದವನು ವಿಮಾನವನ್ನು ನೋಡಿಯೇ ಇಲ್ಲವೆಂದು ತಿಳಿಯಿರಿ!

1971ರ ದಿಸೆಂಬರ 4ರಂದು ಇದೇ ವಿಮಾನಗಳು ವಿಕ್ರಾಂತದಿಂದ ಹಾರಿ ಕಾಕ್ಸ್ ಬಜಾರಿನ ಮೇಲೆ ದಾಳಿ ಮಾಡಿದವು. ಆಗ ಹಡಗಿನ ಬಾಯ್ಲರೊಂದು ಬಿರುಕುಬಿಟ್ಟಿದ್ದಿತು. ಪೂರ್ಣ ವೇಗದಿಂದ ಓಡುವಂತಿರಲಿಲ್ಲ. ಆದುದರಿಂದ ಅಂದಿನ ಪ್ರಸಂಗವನ್ನು ಬರೆಯುವವರು ಹಡಗಿನ ಮುಂದೆ ನೊರೆಯನ್ನು ಬೆಟ್ಟದಂತೆ ಎಬ್ಬಿಸಿದರೆ ಅದು ಬರಿಯ ಮುಖಸ್ತುತಿ. ಕುಂಟುವ ಹಡಗಿನಿಂದ ಕೆಲಸ ಸಾಧಿಸಿದವರ ಹಿರಿಮೆ ಆ ನೊರೆಯಲ್ಲಿಯೇ ಮುಳುಗಿಹೋಗುವದು.

ಆ ಯುದ್ಧದಲ್ಲಿ ಸೀ ಹಾಕುಗಳಲ್ಲಿ ಒಂದೂ ನಷ್ಟವಾಗಲಿಲ್ಲವೆಂಬುದು ತಾಯಿಗೆ ಸಮಾಧಾನ ತಂದೀತು. ಆದರೆ ಹಡಗಿನ ವಿಮಾನಗಳು ಯುದ್ಧವಿಲ್ಲದ ದಿನಗಳಲ್ಲಿಯೂ ಅಪಘಾತಕ್ಕೀಡಾದದ್ದುಂಟು. ಅದನ್ನು ಮುಚ್ಚಿಡುವದು ಸರಿಯಲ್ಲ, ಮಗನಿಂದಲೂ ಮುಚ್ಚಿಡಬಾರದು.

ಗೋವೆಯ ನೌಕಾವಿಮಾನ ವಸ್ತುಸಂಗ್ರಹಾಲಯದಲ್ಲಿ ನಿಜವಾದ ಸೀ ಹಾಕು ನಿಂತಿದೆ. ರಜೆಯಲ್ಲಿ ಮಗನನ್ನು ಕರೆದೊಯ್ಯಿರಿ, ತಾಯಿಯೂ ಜೊತೆಗಿರಲಿ. ಕೊಕ್ಕೆ ಎಲ್ಲಿದೆಯೆಂದು ಅವನೇ ತಾಯಿಗೆ ತೋರಿಸಲಿ.