‘ಇದ್ದಂಗೇ ಕೊಡ್ರಿ, ಕೈಗೆ ಕ್ಯಾಶ್’: ಬಿದ್ದ ಮನೆಯ ವ್ಯಾಪಾರದಲ್ಲಿ ನಿಜಕ್ಕೂ ಮಾರಾಟವಾಗುವುದೇನು?

ಹೊನ್ನಾಳಿ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡಮ್ಮ ಇರುವ ಹಳೇ ಹೆಂಚಿನ ಮನೆಯ ಹಿತ್ತಿಲ ಗೋಡೆ ಎರಡು ಮಳೆಗಾಲದ ಹಿಂದೆ ಕುಸಿಯಿತು. ಮಣ್ಣಿನ ಗೋಡೆ. ಅಡುಗೆಮನೆ ಹೋಯಿತು, ನಡುಮನೆ ಉಳಿಯಿತು. ಕಳೆದ ಬೇಸಿಗೆಯಲ್ಲಿ ಒಬ್ಬರು ಬಂದು ಮನೆ ಕೇಳಿದರು. ಒಳಗೆ ಕಾಲಿಡಲೇ ಇಲ್ಲ. ಅಂಗಳವನ್ನು ಹೆಜ್ಜೆಯಲ್ಲಿ ಅಳೆದರು, ಮುಂದಿನ ರಸ್ತೆ ಎಷ್ಟು ಅಗಲ ಎಂದು ನೋಡಿದರು. "ಇದ್ದಂಗೇ ಕೊಟ್ಬಿಡ್ರಿ ಅಮ್ಮ. ರಿಪೇರಿ ಬ್ಯಾಡ, ಕಾಗದ-ಪತ್ರ ಎಲ್ಲಾ ನಾವೇ ನೋಡ್ಕಳ್ತೀವಿ. ನಾಲ್ಕು ಲಕ್ಷ, ನಾಳೆನೇ ಕ್ಯಾಶ್" ಅಂದರು.

ಆ ರಾತ್ರಿ ದೊಡ್ಡಮ್ಮ ಫೋನ್ ಮಾಡಿ, "ಕೊಟ್ಬಿಡ್ಲೇನೋ?" ಎಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು: ಆ ಮನೆಯಲ್ಲಿ ನನ್ನ ಅಪ್ಪನ ಪಾಲೂ ಇದೆ. ಹಾಗಾಗಿ ಇಲ್ಲಿ ನಾನು ಪೂರ್ತಿ ಹೊರಗಿನವನಲ್ಲ.

ಇಂಥ ಮಾತು ಈಗ ಹೊನ್ನಾಳಿಯಲ್ಲಷ್ಟೇ ಅಲ್ಲ, ನ್ಯಾಮತಿ, ಚನ್ನಗಿರಿ, ಜಗಳೂರು ಕಡೆಯ ಪರಿಚಿತರಿಂದಲೂ ಕೇಳಿಬರುತ್ತಿದೆ. ಕಾರಣ ಮಾತ್ರ ಒಂದೊಂದು ಕಡೆ ಒಂದೊಂದು. ಹೊನ್ನಾಳಿಯಲ್ಲಿ ತುಂಗಭದ್ರೆ. ಗಾಜನೂರಿನಿಂದಲೂ ಭದ್ರಾ ಜಲಾಶಯದಿಂದಲೂ ಒಟ್ಟಿಗೆ ನೀರು ಬಿಟ್ಟರೆ ಬಾಲರಾಜ್ ಘಾಟ್ ಸುತ್ತಲಿನವರು ಗಂಟುಮೂಟೆ ಕಟ್ಟಬೇಕು. ನೀರು ಇಳಿದ ಮೇಲೂ ಗೋಡೆಯ ಬುಡ ಒಣಗುವುದಿಲ್ಲ. ಜಗಳೂರಿನ ಕಥೆ ಉಲ್ಟಾ. ಅದು ಬರದ ಸೀಮೆ. ಅಲ್ಲಿನ ಮಣ್ಣಿನ ಮಾಳಿಗೆ ಕಡಿಮೆ ಮಳೆಗೆ ಹೇಳಿಮಾಡಿಸಿದ್ದು. 2021ರ ನವೆಂಬರಿನಲ್ಲಿ, 2022ರ ಮಳೆಗಾಲದಲ್ಲಿ ಸುರಿದಂತೆ ದಿನಗಟ್ಟಲೆ ಸುರಿದರೆ ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಜಂತಿ ಮುರಿಯುತ್ತದೆ. ಇನ್ನು ಚನ್ನಗಿರಿಯಲ್ಲಿ ಮನೆ ಬೀಳುವುದಕ್ಕಿಂತ ಕೊಳ್ಳುವವರ ಕೈಯಲ್ಲಿ ದುಡ್ಡಿರುವುದೇ ದೊಡ್ಡ ವಿಷಯ. ರಾಶಿ ಅಡಿಕೆ ಕ್ವಿಂಟಾಲ್‌ಗೆ 50 ಸಾವಿರದ ಆಸುಪಾಸು ಇದ್ದ ವರ್ಷಗಳಲ್ಲಿ ಆ ಹಣ ಜಾಗ ಹುಡುಕುತ್ತಾ ನ್ಯಾಮತಿ, ಹೊನ್ನಾಳಿಗೂ ಬಂದರೆ ಆಶ್ಚರ್ಯವೇನಿಲ್ಲ.

ಮತ್ತೆ ನಮ್ಮ ಲೆಕ್ಕಕ್ಕೆ ಬರೋಣ. ಪಕ್ಕದ ಓಣಿಯಲ್ಲಿ ಅಷ್ಟೇ ಅಳತೆಯ ಖಾಲಿ ಸೈಟು ಎಂಟು ಲಕ್ಷಕ್ಕೆ ಹೋಗಿತ್ತು. ಅರ್ಧ ಮನೆ ನಿಂತಿರುವ ನಮ್ಮ ಜಾಗಕ್ಕೆ ನಾಲ್ಕು. ಮನೆಯನ್ನು ಪೂರ್ತಿ ಕೆಡವಿ ಮಣ್ಣು ಸಾಗಿಸಲು ಜೆಸಿಬಿ, ಟ್ರ್ಯಾಕ್ಟರ್ ಎಲ್ಲ ಸೇರಿ ಐವತ್ತು ಸಾವಿರ ಎಂದೇ ಇಟ್ಟುಕೊಳ್ಳಿ. ಉಳಿದ ಮೂರೂವರೆ ಲಕ್ಷ ಎಲ್ಲಿ ಹೋಯಿತು? ಬಿದ್ದ ಗೋಡೆಗಂತೂ ಅಲ್ಲ. ಆ ಮನುಷ್ಯ ಗೋಡೆಯನ್ನು ನೋಡಿಯೇ ಇರಲಿಲ್ಲ. ಅವನು ಬೆಲೆ ಮುರಿದದ್ದು ನಮ್ಮ ಕಾಗದಗಳಿಗೆ.

ಖಾತೆ ಇನ್ನೂ ನಮ್ಮ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ ನೋಂದಣಿ ಆಗಬೇಕಾದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಬೇಕು. ಅದಕ್ಕೆ ವಾರಸುದಾರರ ಹೆಸರಿಗೆ ಖಾತೆ ಬರಬೇಕು, ಗ್ರಾಮಠಾಣಾ ಜಾಗವಾದರೆ ಮೋಜಿಣಿಯಿಂದ ಅಳತೆ ನಕ್ಷೆಯೂ ಆಗಬೇಕು. ನಮಗೆ ಇಬ್ಬರು ಸೋದರತ್ತೆಯರು. ಅಜ್ಜನ ಸ್ವಂತ ಗಳಿಕೆ ಎಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಅವರು ಮೊದಲ ದರ್ಜೆಯ ವಾರಸುದಾರರು. ಪಿತ್ರಾರ್ಜಿತ ಎಂದರೆ ಕರ್ನಾಟಕದ 1994ರ ತಿದ್ದುಪಡಿ, ಆಮೇಲೆ ಕೇಂದ್ರದ 2005ರ ತಿದ್ದುಪಡಿ ಇವೆ. ಯಾವ ದಾರಿಯಲ್ಲಿ ಹೋದರೂ ಅತ್ತೆಯರ ಸಹಿ ತಪ್ಪುವುದಿಲ್ಲ. "ಹೆಣ್ಣುಮಕ್ಕಳ ಸಹಿ ನಾವು ನೋಡ್ಕಳ್ತೀವಿ" ಎನ್ನುವ ಕೊಳ್ಳುಗನ ಮಾತಿಗೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರುತ್ತೇನೆ. ಹೇಗೆ ನೋಡಿಕೊಳ್ಳುತ್ತಾನೆ ಎಂದು ಅವನು ಹೇಳುವುದಿಲ್ಲ. ಕೋರ್ಟಿನಿಂದ ಸಮನ್ಸ್ ಬಂದರೆ ಮಾತ್ರ ದೊಡ್ಡಮ್ಮನ ಹೆಸರಿಗೇ ಬರುತ್ತದೆ.

ಇದರ ಜೊತೆಗೆ ನಮ್ಮ ಜಿಲ್ಲೆಯದ್ದೇ ಒಂದು ತಾಪತ್ರಯ ಇದೆ. ಚನ್ನಗಿರಿ, ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಹಳೇ ದಾಖಲೆ ಹುಡುಕಲು ಹೊರಟವರಿಗೆ ಯಾವ ಊರಿನ ಬಸ್ಸು ಹತ್ತಬೇಕು ಎನ್ನುವುದೇ ಮೊದಲ ಪ್ರಶ್ನೆ. ಈ ಸುಸ್ತೇ ಕ್ಯಾಶ್ ಕೊಳ್ಳುಗನ ಬಂಡವಾಳ.

ಅಮೆರಿಕದಲ್ಲೂ ಇದೇ ದಂಧೆ ದೊಡ್ಡ ಮಟ್ಟದಲ್ಲಿ ನಡೆಯುತ್ತದೆ. ‘ವಿ ಬೈ ಅಗ್ಲಿ ಹೌಸಸ್’ ಎಂಬ ಬೋರ್ಡು ಹಾಕಿಕೊಂಡೇ ಹಾಳು ಮನೆ ಕೊಳ್ಳುವ ಕಂಪನಿ ಅಲ್ಲಿದೆ. ಅದರ ಕೆಲವು ಫ್ರಾಂಚೈಸಿಗಳು ವಯಸ್ಸಾದವರ, ಕಷ್ಟದಲ್ಲಿದ್ದವರ ಅಸಹಾಯಕತೆಯನ್ನು ಬಳಸಿಕೊಂಡಿವೆ ಎಂದು ಪ್ರೊಪಬ್ಲಿಕಾ 2023ರಲ್ಲಿ ತನಿಖಾ ವರದಿ ಮಾಡಿತ್ತು. ಆದರೆ ಅಲ್ಲಿ ದುಡ್ಡು ಬ್ಯಾಂಕಿನ ಮೂಲಕ ಬರುತ್ತದೆ. ‘ಕ್ಯಾಶ್’ ಅಂದರೆ ಅವರಿಗೆ ಸಾಲವಿಲ್ಲದ ದುಡ್ಡು. ನಮಗೆ ಕ್ಯಾಶ್ ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ ಬರುವ ನೋಟು.

ಆ ನೋಟಿನ ಕಥೆ ಇನ್ನೊಂದು. ಸ್ಥಿರಾಸ್ತಿ ಮಾರುವವರು 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ ಎಂದು ಆದಾಯ ತೆರಿಗೆ ಕಾಯ್ದೆಗೆ 2015ರಲ್ಲೇ ಸೇರಿಸಲಾಯಿತು. ಪಡೆದರೆ ಅಷ್ಟೇ ಮೊತ್ತದ ದಂಡ, ಅದೂ ಪಡೆದವರಿಗೆ. ಅಂದರೆ ದಂಡದ ತೂಗುಕತ್ತಿ ಇರುವುದು ದೊಡ್ಡಮ್ಮನ ತಲೆ ಮೇಲೆ. ಕೊಡುವವರು, ಪಡೆಯುವವರು ಇಬ್ಬರಿಗೂ ಕೃಷಿ ಆದಾಯವಿದ್ದು, ತೆರಿಗೆ ಬೀಳುವ ಆದಾಯ ಇಬ್ಬರಿಗೂ ಇಲ್ಲದಿದ್ದರೆ ವಿನಾಯಿತಿ ಇದೆ. ನಮ್ಮ ಕಡೆ "ನಾನೂ ರೈತನೇ ಅಮ್ಮ" ಎಂಬ ಮಾತು ಇಂಥ ವ್ಯವಹಾರದಲ್ಲಿ ಪದೇಪದೇ ಬರುವುದು ಸುಮ್ಮನೆ ಅಲ್ಲ. ಆದರೆ ಊರೂರು ಸುತ್ತಿ ಮನೆ ಕೊಂಡು ಮಾರುವವನಿಗೆ ಈ ವಿನಾಯಿತಿ ಸಿಗುವುದು ಅನುಮಾನ.

2025ರ ಏಪ್ರಿಲ್ 16ರಂದು ಸುಪ್ರೀಂ ಕೋರ್ಟ್ ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಲ್ಲಿ ನೆನಪಾಗುತ್ತದೆ. ಸಂಸ್ಥೆಯ ಕೈಯಲ್ಲಿದ್ದ ಜಾಗಕ್ಕೆ ತಾವು ಬೇರೆಯವರಿಗೆ 75 ಲಕ್ಷ ನಗದು ಮುಂಗಡ ಕೊಟ್ಟಿದ್ದೇವೆ ಎಂದು, ಬರೀ ಕರಾರು ಪತ್ರ ಹಿಡಿದು ಬಂದವರ ದಾವೆ ಅದು. ದಾವೆಯನ್ನು ತಳ್ಳಿಹಾಕಿದ ಕೋರ್ಟ್, ಸ್ಥಿರಾಸ್ತಿಗೆ 2 ಲಕ್ಷ ಅಥವಾ ಹೆಚ್ಚು ನಗದು ಕೊಟ್ಟಿದ್ದಾಗಿ ದಾವೆಯಲ್ಲಾಗಲಿ ನೋಂದಣಿಗೆ ಬಂದ ಪತ್ರದಲ್ಲಾಗಲಿ ಕಂಡುಬಂದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ಹೇಳಿತು. ನಾಲ್ಕು ಲಕ್ಷಕ್ಕೂ ಇದು ಅನ್ವಯಿಸುತ್ತದೆ. ಹಾಗಾಗಿ ಪತ್ರದಲ್ಲಿ ಕಡಿಮೆ ಬರೆಸೋಣ ಎನ್ನುತ್ತಾರೆ. ಆಮೇಲೆ ಬಾಕಿ ದುಡ್ಡು ಬರಲಿಲ್ಲ ಅಂದರೆ ದೊಡ್ಡಮ್ಮನ ಕೈಯಲ್ಲಿ ಏನು ಪುರಾವೆ ಇರುತ್ತದೆ?

ಇನ್ನು ಕರಾರು ಪತ್ರ, ಜಿಪಿಎ ಮಾಡಿಸಿಕೊಂಡು ಮನೆ ಬಿಡಿಸುವ ದಾರಿ. ಜಿಪಿಎ ಮೇಲೆ ಮಾಲೀಕತ್ವ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇದು ಕೊಳ್ಳುವವನ ಕಷ್ಟವಲ್ಲವೇ ಎನ್ನಬಹುದು. ಅಲ್ಲ. ಅವನಿಗೆ ಬೇಕಿರುವುದು ಇನ್ನೊಬ್ಬ ಗಿರಾಕಿ ಸಿಗುವವರೆಗಿನ ಸಮಯ. ಸಣ್ಣ ಮುಂಗಡಕ್ಕೆ ದೊಡ್ಡ ಬೀಗ ಬೀಳುತ್ತದೆ, ನಾವು ಬೇರೆಯವರಿಗೆ ಮಾರುವಂತೆಯೂ ಇಲ್ಲ. ‘ಇದ್ದಂಗೇ’ ಎಂಬ ಮಾತೂ ಪೂರ್ತಿ ರಕ್ಷಣೆ ಅಲ್ಲ. ತನಗೆ ಗೊತ್ತಿದ್ದು, ಕೊಳ್ಳುವವನ ಕಣ್ಣಿಗೆ ಸುಲಭಕ್ಕೆ ಬೀಳದ ದೋಷವನ್ನು ಮಾರುವವರು ಹೇಳಲೇಬೇಕು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಬಿದ್ದ ಗೋಡೆ ಎಲ್ಲರಿಗೂ ಕಾಣುತ್ತದೆ, ಅತ್ತೆಯರ ಪಾಲು ಕಾಣುವುದಿಲ್ಲ.

ಹಾಗಂತ ಜನ ಯಾಕೆ ಮಾರುತ್ತಾರೆ ಎಂದು ಕೇಳಿದರೆ ಬೆರಳು ಸರ್ಕಾರದ ಕಡೆಗೂ ತಿರುಗುತ್ತದೆ. 2019ರ ನೆರೆಯ ನಂತರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದರು, ಕಂತುಗಳಲ್ಲಿ. 2022-26ರ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಬಯಲು ಪ್ರದೇಶದ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ. ಭಾಗಶಃ ಬಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ನಾಲ್ಕು ಸಾವಿರಕ್ಕೆ ಹಿತ್ತಿಲ ಗೋಡೆ ಏಳುತ್ತದೆಯೇ? ಮೇಸ್ತ್ರಿ ನಮ್ಮ ಮನೆಗೆ ಹೇಳಿದ್ದು 1.80 ಲಕ್ಷ. ಆಸ್ಪತ್ರೆ ಬಿಲ್ಲು ಎದುರಿಗಿದ್ದು, ಇವತ್ತೇ ದುಡ್ಡು ಬೇಕೆನ್ನುವವರು ಅರ್ಧ ಬೆಲೆಗೆ ಕೊಟ್ಟರೆ ಅವರನ್ನು ದಡ್ಡರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವಸರಕ್ಕೂ ಒಂದು ಬೆಲೆ ಇದೆ. ಅದಕ್ಕೆ ಮೂರೂವರೆ ಲಕ್ಷ ಹೆಚ್ಚಾಯಿತು ಅಷ್ಟೇ.

ದೊಡ್ಡಮ್ಮನಿಗೆ ಅಂಥ ಅವಸರ ಇರಲಿಲ್ಲ. ಹೆದರಿಕೆ ಇತ್ತು. ನಾನು ಹೇಳಿದ್ದಿಷ್ಟು: ಮುಂಗಡ ಒಂದು ರೂಪಾಯಿಯೂ ಮುಟ್ಟಬೇಡ, ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡ, ಮೊದಲು ಖಾತೆ ಮಾಡಿಸೋಣ, ದುಡ್ಡು ಯಾವತ್ತು ಬಂದರೂ ಬ್ಯಾಂಕಿಗೇ ಬರಲಿ. ಬಿದ್ದ ಕಡೆ ತಾಡಪಾಲು ಹೊದಿಸಿದೆವು. ಸಾಗವಾನಿಯ ನಾಲ್ಕು ಕಂಬ, ತಲೆಬಾಗಿಲು ಬೇರೆ ಲೆಕ್ಕ ಎಂದು ಬರೆದಿಟ್ಟೆವು. ಹಳೇ ಮರಕ್ಕೆ ಒಳ್ಳೇ ಬೆಲೆ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಪೌತಿ ಅರ್ಜಿ ಕೊಟ್ಟು ಎಂಟು ತಿಂಗಳಾಯಿತು. ಒಬ್ಬ ಅತ್ತೆ ಸಹಿ ಹಾಕಿದ್ದಾರೆ, ಇನ್ನೊಬ್ಬರು "ಕಂಬದಲ್ಲಿ ನಂಗೆರಡು" ಅಂದಿದ್ದಾರೆ. ಮೊನ್ನೆ ಅದೇ ಮನುಷ್ಯ ಮತ್ತೆ ಫೋನ್ ಮಾಡಿದ್ದ. ಅಳತೆ ನಕ್ಷೆ ಆಯ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಐದೂವರೆ ನೋಡ್ರಿ" ಅಂದ.