ಕಾಯಕದ ಹೆಸರಿನಲ್ಲಿ ಬಿಟ್ಟಿ ಚಾಕರಿ ಬೇಡ



ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಎಂಟು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಶಾಲೆ ನಡೆಸುವವರು ನಮ್ಮವರೇ. ಹೆಸರು ಇಲ್ಲಿ ಬೇಡ. ಎರಡು ವರ್ಷಗಳಲ್ಲಿ ಹದಿನಾಲ್ಕು ಶಿಕ್ಷಕರ ಪೈಕಿ ಐವರು ಬಿಟ್ಟು ಹೋದರು. ಇಬ್ಬರು ಸರ್ಕಾರಿ ನೇಮಕಾತಿಯಲ್ಲಿ ಆಯ್ಕೆಯಾದರು, ಮೂವರು ಸಂಬಳ ಸಾಲದೆ ಹೊರಟರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಈಗ ಗಣಿತದ ಜೊತೆಗೆ ಸಮಾಜ ವಿಜ್ಞಾನವೂ ನನ್ನ ಪಾಲಿಗೆ ಬಂದಿದೆ. ನಾನೂ ಹೊರಡಲೇ ಎಂದು ಯೋಚಿಸುವ ಹೊತ್ತಿಗೆ ಆಡಳಿತ ಮಂಡಳಿಯವರಿಂದ ಬಂದ ಮಾತು ಒಂದೇ: "ಇದು ಕಾಯಕ ಸರ್, ನೌಕರಿ ಅಂತ ತಿಳೀಬೇಡಿ."

ಈ ಮಾತಿನ ಮೇಲೆಯೇ ನನ್ನ ತಕರಾರು.

ಕಾಯಕವೆಂದರೆ ಬಿಟ್ಟಿ ಚಾಕರಿ ಎಂದು ಯಾವ ಶರಣರು ಕಲಿಸಿದರು? ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದು ಮಾರುತ್ತಿದ್ದರು, ಬಂದ ಹಣದಲ್ಲಿ ದಾಸೋಹ ಮಾಡುತ್ತಿದ್ದರು. ಹಗ್ಗಕ್ಕೆ ಬೆಲೆಯೇ ಬಾರದಿದ್ದರೆ ದಾಸೋಹ ಎಲ್ಲಿಂದ ಬರಬೇಕಿತ್ತು? ದಾಸೋಹ ಮಾಡುವವನು ತಾನು ದುಡಿದದ್ದನ್ನು ತಾನೇ ಕೊಡುತ್ತಾನೆ. ಕೈಗೆ ಬರುವ ಮೊದಲೇ ಮತ್ತೊಬ್ಬರು ತಡೆಹಿಡಿದರೆ ಅದು ದಾಸೋಹವಲ್ಲ, ಕಡಿತ.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನಮ್ಮ ಮುಂದೆ ಮೇಲಿಂದ ಮೇಲೆ ಹೇಳುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನವರನ್ನು ಆಕೆ ಹಿಂದಕ್ಕೆ ಕಳಿಸಿದರು, ನಿಜ. ಆದರೆ ಆ ತಾಯಿ ಕೇಳಿದ್ದು ಹೆಚ್ಚಾಗಿ ಬಂದದ್ದರ ಲೆಕ್ಕವನ್ನು. ಅದೇ ಅಳತೆಯನ್ನು ಮೊದಲು ಶುಲ್ಕದ ಲೆಕ್ಕಕ್ಕೆ, ವಂತಿಗೆಯ ಲೆಕ್ಕಕ್ಕೆ, ಹೊಸ ಕಟ್ಟಡದ ಲೆಕ್ಕಕ್ಕೆ ಹಿಡಿಯೋಣ. ಆಮೇಲೆ ಮೇಷ್ಟ್ರ ಸಂಬಳಕ್ಕೆ ಬರೋಣ.

ಬಿಟ್ಟು ಹೋದವರನ್ನು ನಿಷ್ಠೆಯಿಲ್ಲದವರು ಎಂದು ಸಭೆಯಲ್ಲಿ ಆಡುವುದನ್ನು ಕೇಳಿದ್ದೇನೆ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಕೊನೆಗೆ ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಅವರನ್ನು ಕಾಯಕ ತೊರೆದವರೆಂದು ಯಾರಾದರೂ ಕರೆಯುತ್ತೇವೆಯೇ? ಕಾಯಕಕ್ಕೆ ನಿಷ್ಠೆ ಬೇರೆ, ಕುರ್ಚಿಗೆ ನಿಷ್ಠೆ ಬೇರೆ. ಸರ್ಕಾರಿ ಶಾಲೆಗೆ ಹೋದ ನನ್ನ ಸಹೋದ್ಯೋಗಿ ಅಲ್ಲಿಯೂ ಮಕ್ಕಳಿಗೇ ಕಲಿಸುತ್ತಿದ್ದಾರೆ.

ಇನ್ನು ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರಿರಬೇಕು ಎನ್ನುತ್ತದೆ. ವಿಜ್ಞಾನ–ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಕನಿಷ್ಠ ಒಬ್ಬೊಬ್ಬರು ಬೇಕು ಎನ್ನುತ್ತದೆ. ಖಾಲಿ ಹುದ್ದೆಯಿಂದ ಮೋಸ ಹೋಗುವವರು ಮೇಷ್ಟ್ರಿಗಿಂತ ಮೊದಲು ಮಕ್ಕಳು. ಉಪಧನದ ಕಾಯ್ದೆ ಶಿಕ್ಷಕರಿಗೂ ಅನ್ವಯಿಸುವಂತೆ 2009ರಲ್ಲಿ ತಿದ್ದುಪಡಿಯಾಯಿತು, 1997ರ ಏಪ್ರಿಲ್ 3ರಿಂದಲೇ ಜಾರಿಯೆಂದಾಯಿತು. ಖಾಸಗಿ ಶಾಲೆಗಳವರು ಅದನ್ನು ಪ್ರಶ್ನಿಸಿದರು. 2022ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಲೆಕ್ಕ ಸುಲಭ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಉಪಧನ. 13,000 ರೂಪಾಯಿ ವೇತನದವರಿಗೆ ವರ್ಷಕ್ಕೆ 7,500. ಎಂಟು ವರ್ಷಕ್ಕೆ 60,000. ನಮ್ಮಲ್ಲಿ ಬಿಟ್ಟುಹೋದವರಲ್ಲಿ ಐದು ವರ್ಷ ತುಂಬಿದವರಿದ್ದರು. ಅವರಿಗೆ ಸಿಕ್ಕಿದ್ದು ಒಂದು ಶಾಲು, ಒಂದು ಹಾರ.

ನನ್ನ ತೀರ್ಮಾನ ಹೇಳುತ್ತೇನೆ. ಈ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಇರುತ್ತೇನೆ. ನಡುವೆ ಎದ್ದರೆ ಏಳನೇ ತರಗತಿಗೆ ಗಣಿತ ಕಲಿಸುವವರು ಇಲ್ಲ. ಆ ಮಕ್ಕಳು ನನಗೇನೂ ಅನ್ಯಾಯ ಮಾಡಿಲ್ಲ. ಆದರೆ ಮೂರು ಬೇಡಿಕೆಗಳನ್ನು ಬರವಣಿಗೆಯಲ್ಲಿ ಕೊಟ್ಟಿದ್ದೇನೆ: ಜೂನ್‌ಗೆ ಮೊದಲು ಖಾಲಿ ಹುದ್ದೆ ತುಂಬಬೇಕು, ಹೋದವರ ಉಪಧನ ಸಲ್ಲಬೇಕು, ಸಂಬಳ ತಿಂಗಳ ಮೊದಲ ವಾರ ಬ್ಯಾಂಕಿಗೆ ಜಮಾ ಆಗಬೇಕು. ಆಗದಿದ್ದರೆ ನಾನೂ ಹೊರಡುತ್ತೇನೆ, ತಲೆ ಎತ್ತಿಕೊಂಡೇ.

ಮಠಗಳ ಪೂಜ್ಯರಲ್ಲಿ, ಸಂಸ್ಥೆಗಳ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. ಅನ್ನ, ಅಕ್ಷರ, ಆಶ್ರಯ ಕೊಟ್ಟ ಪರಂಪರೆ ನಮ್ಮದೆಂದು ಹೆಮ್ಮೆಯಿಂದ ಹೇಳುತ್ತೇವೆ. ಅಕ್ಷರ ಕೊಡುವವರ ಮನೆಯಲ್ಲಿ ಅನ್ನಕ್ಕೆ ಕೊರತೆಯಾಗದಂತೆ ನೋಡುವುದೂ ಆ ಪರಂಪರೆಯದೇ ಕೆಲಸ. ಮುಂದಿನ ಬಸವ ಜಯಂತಿಯ ವೇದಿಕೆಯಲ್ಲಿ ಕಾಯಕದ ಬಗ್ಗೆ ಮಾತಾಡುವ ಮೊದಲು ನಿಮ್ಮ ಸಂಸ್ಥೆಯ ಹಾಜರಿ ಪುಸ್ತಕವನ್ನೂ ಸಂಬಳದ ಪಟ್ಟಿಯನ್ನೂ ಒಮ್ಮೆ ತರಿಸಿ ನೋಡಿ.