ಟ್ಯಾಬ್ಲೋ ಕಲಿಯಿರಿ ಅನ್ನುವವರಿಗೆ ಒಂದು ಮಾತು

ಜಿಲ್ಲಾ ವರದಿಗಾರರಿಗೆ ಈಗ ಎಲ್ಲಿ ತರಬೇತಿ ನಡೆದರೂ ಒಂದೇ ಪಾಠ: ಟ್ಯಾಬ್ಲೋ ಕಲಿಯಿರಿ, ಪವರ್ ಬಿಐ ಕಲಿಯಿರಿ. ಅಂಕಿಸಂಖ್ಯೆಗಳನ್ನು ಬಣ್ಣದ ಚಾರ್ಟು, ನಕ್ಷೆ ಮಾಡಿ ತೋರಿಸುವ ಸಾಫ್ಟ್‌ವೇರ್‌ಗಳಿವು. ಕೆಟ್ಟವೇನಲ್ಲ. ಕಂಪನಿಯ ಮ್ಯಾನೇಜರು ದೊಡ್ಡ ಪರದೆ ಮುಂದೆ ಕೂತು ಮಾರಾಟದ ಲೆಕ್ಕ ನೋಡಲು ಬಹಳ ಚೆನ್ನಾಗಿವೆ. ಆದರೆ ನೀವು ಓದುವುದು ಬಸ್‌ಸ್ಟಾಂಡಿನಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ, ಬಂದು ಹೋಗುವ ನೆಟ್‌ವರ್ಕಿನಲ್ಲಿ. ನಾಲ್ಕು ಚಾರ್ಟು, ಆರು ಬಟನ್ ಇರುವ ಡ್ಯಾಶ್‌ಬೋರ್ಡ್ ಅಲ್ಲಿ ಗಿರಗಿರ ತಿರುಗುತ್ತಲೇ ಇರುತ್ತದೆ.

ಮಳೆಯ ಲೆಕ್ಕವನ್ನೇ ನೋಡಿ. ಜಿಲ್ಲೆಯ ಸರಾಸರಿ ವಾಡಿಕೆಯಷ್ಟಿದ್ದರೆ ನಕ್ಷೆಯಲ್ಲಿ ಇಡೀ ಜಿಲ್ಲೆ ಹಸಿರು. ಅದರೊಳಗೆ ಎರಡು ಹೋಬಳಿ ಒಣಗಿ ನಿಂತಿದ್ದರೂ ಕಾಣುವುದಿಲ್ಲ. ಬೆಳೆ ವಿಮೆಯ ಲೆಕ್ಕ ನಡೆಯುವುದು ಗ್ರಾಮ ಪಂಚಾಯಿತಿ, ಹೋಬಳಿ ಮಟ್ಟದಲ್ಲಿ. ರೈತರು ಕೇಳುವುದೂ 'ನಮ್ಮ ಹೋಬಳಿಗೆ ಎಷ್ಟು ಬಿತ್ತು?' ಎಂದೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆಯ ಅಂಕಿ ಕೊಡುತ್ತದೆ. ಹಾಗಿದ್ದೂ ಸಿದ್ಧ ಜಿಲ್ಲಾ ನಕ್ಷೆಗೇ ಜೋತುಬೀಳುವುದೇಕೆ? (ಹಳೆಯ ನಕ್ಷೆ ಫೈಲು ಸಿಕ್ಕರಂತೂ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯೇ ಅದರಲ್ಲಿ ಇರುವುದಿಲ್ಲ.) ಹೋಬಳಿಗೊಂದು ಅಡ್ಡಪಟ್ಟಿ, ಪಕ್ಕದಲ್ಲಿ ಎಷ್ಟು ಮಿಲಿಮೀಟರ್ ಎಂದು ದಪ್ಪಕ್ಷರ. ಮುಗಿಯಿತು.

ಇದಕ್ಕೆ ನಾವು ಆರಿಸಿಕೊಂಡಿದ್ದು ಡೇಟಾರ್‍ಯಾಪರ್. ಜರ್ಮನಿಯ ಬರ್ಲಿನ್‌ನದು, ಪತ್ರಕರ್ತರನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು. ಉಚಿತ ಖಾತೆಯಲ್ಲೇ ಚಾರ್ಟನ್ನು ಚಿತ್ರವಾಗಿ ಇಳಿಸಿಕೊಂಡು ವಾಟ್ಸಾಪ್‌ಗೆ ಹಾಕಬಹುದು. ಫ್ಲರಿಷ್‌ನಲ್ಲಿ ಓಡುವ, ಕುಣಿಯುವ ಚಾರ್ಟು ಬರುತ್ತವೆ. ಮಳೆ ಬಾರದ ಸುದ್ದಿಗೆ ಕುಣಿತ ಯಾಕೆ?

ಅಸಲಿ ತಲೆನೋವನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ. ಕಚೇರಿಯಿಂದ ಬರುವ ಪಟ್ಟಿ ಎಷ್ಟೋ ಸಲ ಹಳೇ ನುಡಿ ಫಾಂಟಿನಲ್ಲಿರುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸದೆ ಯಾವ ಸಾಫ್ಟ್‌ವೇರಿಗೆ ಹಾಕಿದರೂ ಊರಿನ ಹೆಸರೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸಂಖ್ಯೆಯೂ ಅಷ್ಟೆ: 12,50,000 ಎಂದು ಬರೆಯಬೇಕಾದದ್ದು 1,250,000 ಎಂದು ಬಂದರೆ ಹನ್ನೆರಡೂವರೆ ಲಕ್ಷ ಅಂತ ಯಾರಿಗೆ ತಟ್ಟನೆ ಹೊಳೆಯುತ್ತದೆ? ಕನ್ನಡದ ಒತ್ತಕ್ಷರ ಒಡೆಯುತ್ತದೋ, ಲಕ್ಷದ ಅಲ್ಪವಿರಾಮ ಸರಿ ಕೂರುತ್ತದೋ, ಇದನ್ನು ಪರೀಕ್ಷಿಸದೆ ಸಾಫ್ಟ್‌ವೇರ್ ಶಿಫಾರಸು ಮಾಡುವವರ ಮಾತು ನಮಗೆ ಬೇಡ.

ಕಂಪನಿಯನ್ನು ನಂಬಿ ಕೂರುವುದೂ ಬೇಡ. ಗೂಗಲ್‌ನ ಫ್ಯೂಷನ್ ಟೇಬಲ್ಸ್ ಮೇಲೆ ಲೋಕದ ಎಷ್ಟೋ ಪತ್ರಿಕೆಗಳು ನಕ್ಷೆ ಮಾಡಿದ್ದವು. 2019ರ ಡಿಸೆಂಬರ್‌ನಲ್ಲಿ ಗೂಗಲ್ ಅದನ್ನು ಮುಚ್ಚಿತು. ಅದಕ್ಕೇ ಮೂಲ ಪಟ್ಟಿ ನಮ್ಮ ಬಳಿಯೇ ಇರಬೇಕು, ಚಾರ್ಟಿನ ಕೆಳಗೆ ನಿಮಗೂ ಸಿಗಬೇಕು. ಅಂಕಿ ತಪ್ಪಿದ್ದರೆ ಹಿಡಿಯುವವರು ಆ ಹೋಬಳಿಯವರೇ ತಾನೆ?

ಮುಂದಿನ ತರಬೇತಿಗೆ ಕರೆಯುವವರು ಪ್ರೊಜೆಕ್ಟರ್ ಬಿಟ್ಟು ಬರಲಿ. ಎಂಟು ಸಾವಿರದ ಮೊಬೈಲು ತಂದು, ಮಧ್ಯಾಹ್ನದ ಬಿಸಿಲಲ್ಲಿ ಹಿಡಿದು, ಅವರ ಡ್ಯಾಶ್‌ಬೋರ್ಡ್ ತೆರೆದು ತೋರಿಸಲಿ.